ಎರಡು ಮೊಣಕಾಲು, ಒಬ್ಬ ಫಾಲ್ಕಾವೊ

ಕೊಲಂಬಿಯಾದ ಫುಟ್‌ಬಾಲ್ ಆಟಗಾರ ಫಾಲ್ಕಾವೊ ಹೆಸರು ಬಂದಾಗಲೆಲ್ಲ ಯಾರಾದರೊಬ್ಬರು ಇದೇ ಮಾತು ಹೇಳುತ್ತಾರೆ. "ಪಾಪ, ಆ ಮೊಣಕಾಲು ಹೋಗದೇ ಇದ್ದಿದ್ರೆ ಎಲ್ಲಿರ್ತಿದ್ನೋ!" ಗೆಳೆಯರ ವಾಟ್ಸಾಪ್ ಗುಂಪಿಗೆ ಅವನ ಹಳೆಯ ಗೋಲಿನ ವಿಡಿಯೊ ಬಂದರೂ ಅದೇ ಮಾತು. ಅವನು ಆಡಿದ್ದ ಸ್ಪೇನ್‌ನ ಕ್ಲಬ್ ಅಟ್ಲೆಟಿಕೊ ಮ್ಯಾಡ್ರಿಡ್‌ನ ಹಳೆಯ ಪಂದ್ಯಗಳ ಬಗ್ಗೆ ಹರಟುತ್ತಾ ಕೂತರೂ ಅದೇ ಮಾತು. ಹೇಳುವವರಿಗೆ ಅವನ ಮೇಲೆ ಪ್ರೀತಿ ಇದೆ, ಅದು ನನಗೆ ಗೊತ್ತು. ಆದರೂ ಕೇಳಿದಾಗಲೆಲ್ಲ ಮನಸ್ಸಿಗೆ ಕಿರಿಕಿರಿಯಾಗುತ್ತದೆ. 13ನೇ ವಯಸ್ಸಿಗೇ ದೊಡ್ಡವರ ಜೊತೆ ವೃತ್ತಿಪರ ಪಂದ್ಯ ಆಡಿದವನು ಅವನು. 38ನೇ ವಯಸ್ಸಿನಲ್ಲೂ ಬೂಟು ಕಟ್ಟಿ ಮೈದಾನಕ್ಕೆ ಇಳಿದವನು. ಅಷ್ಟು ಉದ್ದದ ಆಟದ ಬದುಕನ್ನು ನಾವು ಆ ಮೊಣಕಾಲು ಹೋದ 2014ರ ಜನವರಿಯ ಒಂದು ಸಂಜೆಗೆ ಕಟ್ಟಿಹಾಕಿದ್ದೇವೆ. ಅದಕ್ಕಿಂತ ಮುಂಚಿನದೆಲ್ಲ ವೈಭವ, ಆಮೇಲಿನದೆಲ್ಲ ಇಳಿಜಾರು ಅಂತ ಗೆರೆ ಎಳೆದುಬಿಟ್ಟಿದ್ದೇವೆ. ಆ ಗೆರೆ ಸರಿಯಾದ ಜಾಗದಲ್ಲಿಲ್ಲ ಅಂತ ಬಹಳ ದಿನಗಳಿಂದ ಅನ್ನಿಸುತ್ತಿದೆ. ಯಾಕೆ ಅಂತ ಬರೆದೇ ನೋಡೋಣ ಅಂತ ಕೂತಿದ್ದೇನೆ.

ಮೊದಲು ಹೋದದ್ದು ಬಲಗಾಲು

ರಾಡಮೆಲ್ ಫಾಲ್ಕಾವೊ ಗಾರ್ಸಿಯಾ ಹುಟ್ಟಿದ್ದು 1986ರ ಫೆಬ್ರುವರಿ 10ರಂದು, ಕೊಲಂಬಿಯಾದ ಕೆರಿಬಿಯನ್ ಕರಾವಳಿಯ ಸಾಂತಾ ಮಾರ್ತಾದಲ್ಲಿ. ಕೊಲಂಬಿಯಾದ ಹಳೆಯ ತಾರೆ ಕಾರ್ಲೋಸ್ ವಾಲ್ಡರಾಮಾ ಹುಟ್ಟಿದ್ದೂ ಅದೇ ಊರಿನಲ್ಲಿ. ಆ ಹಳದಿ ಗುಂಗುರು ಕೂದಲನ್ನು ಮರೆತವರು ಯಾರಿದ್ದಾರೆ ಹೇಳಿ. ಫಾಲ್ಕಾವೊನ ಅಪ್ಪನೂ ವೃತ್ತಿಪರ ಆಟಗಾರರು, ಡಿಫೆಂಡರ್. 1982ರ ಬ್ರೆಜಿಲ್ ತಂಡದ ಮಿಡ್‌ಫೀಲ್ಡರ್ ಫಾಲ್ಕಾವೊ ಮೇಲಿನ ಅಭಿಮಾನಕ್ಕೆ ಮಗನಿಗೆ ಆ ಹೆಸರಿಟ್ಟರು. ಅಪ್ಪ ವೆನೆಜುವೆಲಾದಲ್ಲಿ ಆಡುತ್ತಿದ್ದಾಗ ಮನೆಯವರೂ ಅಲ್ಲೇ ಇದ್ದರು. ಹುಡುಗ ಅಲ್ಲಿ ಬೇಸ್‌ಬಾಲ್ ಕೂಡ ಆಡಿದ. 1999ರಲ್ಲಿ ಲಾನ್ಸೆರೋಸ್ ಬೊಯಾಕಾ ಅನ್ನುವ ತಂಡ ಅವನನ್ನು ಕೊಲಂಬಿಯಾದ ಎರಡನೇ ಡಿವಿಷನ್‌ನಲ್ಲಿ ಮೈದಾನಕ್ಕಿಳಿಸಿತು. ಆಗ ಅವನಿಗೆ 13. ಆ ವಯಸ್ಸಿನ ಹುಡುಗರು ಶಾಲೆಯ ತಂಡಕ್ಕೆ ಆಯ್ಕೆಯಾದರೆ ಸಾಕು ಅಂತ ಕಾಯುತ್ತಿರುತ್ತಾರೆ, ಅಲ್ವಾ?

15ನೇ ವಯಸ್ಸಿಗೆ ಊರು, ಅಪ್ಪ ಅಮ್ಮ ಎಲ್ಲ ಬಿಟ್ಟು ಅರ್ಜೆಂಟೀನಾದ ರಿವರ್ ಪ್ಲೇಟ್ ಕ್ಲಬ್ ಸೇರಿದ. 'ಎಲ್ ಟೀಗ್ರೆ', ಅಂದರೆ ಹುಲಿ ಅನ್ನುವ ಹೆಸರು ಅಂಟಿಕೊಂಡದ್ದು ಅಲ್ಲಿನ ಕಿರಿಯರ ತಂಡದಲ್ಲಿ. ಒಂದು ಪಂದ್ಯದಲ್ಲಿ ಗೋಲು ಹೊಡೆದಾಗ ಜೊತೆಗಾರನೊಬ್ಬ ಹಾಗೆ ಕರೆದನಂತೆ, ಅದೇ ಉಳಿಯಿತು. ಫುಟ್‌ಬಾಲ್ ಜೊತೆಗೆ ಬ್ಯುನಸ್ ಐರಿಸ್‌ನ ವಿಶ್ವವಿದ್ಯಾಲಯವೊಂದರಲ್ಲಿ ಪತ್ರಿಕೋದ್ಯಮಕ್ಕೂ ಸೇರಿಕೊಂಡ. 2005ರಲ್ಲಿ ಹಿರಿಯರ ತಂಡದಲ್ಲಿ ಅವಕಾಶ ಸಿಕ್ಕಿತು. ಅಪೆರ್ಟುರಾದಲ್ಲಿ, ಅಂದರೆ ಅಲ್ಲಿನ ಅರ್ಧವರ್ಷದ ಲೀಗ್‌ನಲ್ಲಿ, ಆಡಿದ್ದು 7 ಪಂದ್ಯ, ಹೊಡೆದದ್ದು 7 ಗೋಲು. ರಿವರ್‌ನ ಇಡೀ ಮಾನುಮೆಂಟಾಲ್ ಕ್ರೀಡಾಂಗಣ 19ರ ಹುಡುಗನ ಹೆಸರು ಕೂಗಲು ಶುರುಮಾಡಿತ್ತು. ಅಷ್ಟರಲ್ಲಿ ಬಲ ಮೊಣಕಾಲಿನ ಲಿಗಮೆಂಟ್, ಅಂದರೆ ಎಲುಬುಗಳನ್ನು ಹಿಡಿದಿಡುವ ಕಟ್ಟು, ಹರಿಯಿತು.

ನಾನು ಹೇಳಬೇಕು ಅಂತಿರುವುದೇ ಇದು. 2014ರಲ್ಲಿ ಹೋದದ್ದು ಎಡ ಮೊಣಕಾಲು. ಅದಕ್ಕೂ ಎಂಟು ವರ್ಷ ಮೊದಲೇ ಬಲ ಮೊಣಕಾಲು ಒಮ್ಮೆ ಹೋಗಿ ಬಂದಿತ್ತು. ಪೋರ್ಚುಗಲ್‌ನ ಪೋರ್ಟೊ ತಂಡದಲ್ಲಿ ಗಾಳಿಯಲ್ಲಿ ತೇಲಿ ಹೆಡರ್, ಅಂದರೆ ತಲೆಯಿಂದ ಗೋಲು, ಹೊಡೆದ ಫಾಲ್ಕಾವೊ, ಮ್ಯಾಡ್ರಿಡ್‌ನಲ್ಲಿ ಡಿಫೆಂಡರ್‌ಗಳ ನಿದ್ದೆ ಕೆಡಿಸಿದ ಫಾಲ್ಕಾವೊ, ನಾವೆಲ್ಲ 'ಗಾಯಕ್ಕೆ ಮುಂಚಿನ ಫಾಲ್ಕಾವೊ' ಅಂತ ಕರೆಯುತ್ತೇವಲ್ಲ, ಅವನು ಆಗಲೇ ಗಾಯದಿಂದ ಎದ್ದು ಬಂದವನು. ಗಾಯವೇ ಇಲ್ಲದ ಫಾಲ್ಕಾವೊನನ್ನು ಯುರೋಪ್ ನೋಡಿಯೇ ಇಲ್ಲ. ಯುರೋಪಿನ ಟೀವಿಯಲ್ಲೇ ಅವನನ್ನು ಕಂಡ ನಾವಂತೂ ನೋಡಿಲ್ಲ.

ವಾಪಸ್ ಬರುವುದು ಅವನಿಗೆ ಸುಲಭವಾಗಿರಲಿಲ್ಲ. ರಿವರ್‌ನಲ್ಲಿ ಮತ್ತೆ ಜಾಗ ಗಿಟ್ಟಿಸಿಕೊಳ್ಳಲು ಸಮಯ ಹಿಡಿಯಿತು. 2007ರಲ್ಲಿ ದಕ್ಷಿಣ ಅಮೆರಿಕದ ಕ್ಲಬ್‌ಗಳ ಟೂರ್ನಿ ಕೋಪಾ ಸುಡಾಮೆರಿಕಾನದಲ್ಲಿ ಬ್ರೆಜಿಲ್‌ನ ಬೊಟಾಫೊಗೊ ವಿರುದ್ಧ ರಿವರ್ 4-2ರಿಂದ ಗೆದ್ದಾಗ ಮೂರು ಗೋಲು ಅವನದ್ದು. ಕೊನೆಯದು ಪಂದ್ಯ ಮುಗಿಯುವ ಹೊತ್ತಿಗೆ ಬಂತು. 2008ರಲ್ಲಿ ಡಿಯೆಗೊ ಸಿಮಿಯೊನೆ ಕೋಚ್ ಆಗಿದ್ದಾಗ ರಿವರ್ ಅಲ್ಲಿನ ಇನ್ನೊಂದು ಅರ್ಧವರ್ಷದ ಲೀಗ್ ಕ್ಲೌಸುರಾ ಗೆದ್ದಿತು. ಇದೇ ಸಿಮಿಯೊನೆ ಮುಂದೆ ಮ್ಯಾಡ್ರಿಡ್‌ನಲ್ಲಿ ಮತ್ತೆ ಅವನಿಗೆ ಜೊತೆಯಾದರು.

1.77 ಮೀಟರ್

ಫಾಲ್ಕಾವೊ ಎತ್ತರ 1.77 ಮೀಟರ್. ಹೆಡರ್‌ಗೆ ಹೆಸರಾದ ಫಾರ್ವರ್ಡ್‌ಗಳ ಪಕ್ಕ ನಿಲ್ಲಿಸಿದರೆ ಗಿಡ್ಡವೇ. ಹಾಗಿದ್ದೂ 2009ರಿಂದ 2013ರವರೆಗೆ ಮೈದಾನದ ಬದಿಯಿಂದ ಗೋಲಿನ ಮುಂದಕ್ಕೆ ಕ್ರಾಸ್ ಬಂದರೆ ಸಾಕು, ಜಗತ್ತಿನಲ್ಲಿ ಅವನಷ್ಟು ಅಪಾಯಕಾರಿ ಇನ್ನೊಬ್ಬನಿರಲಿಲ್ಲ ಅಂತ ನಾನು ಖಂಡಿತ ಹೇಳುತ್ತೇನೆ. ಜಾಸ್ತಿ ಎತ್ತರಕ್ಕೆ ಹಾರುತ್ತಿದ್ದ ಅನ್ನುವುದು ಅರ್ಧ ಉತ್ತರ ಮಾತ್ರ. ಅವನ ಹಳೆಯ ಗೋಲುಗಳನ್ನು ನೋಡುವಾಗ ಚೆಂಡಿನ ಮೇಲಿನ ಕಣ್ಣು ತೆಗೆದು ಅವನನ್ನು ಮಾತ್ರ ನೋಡಿ. ಕ್ರಾಸ್ ಹೊರಡುವ ಮೊದಲು ಅವನು ಡಿಫೆಂಡರ್‌ನ ಬೆನ್ನ ಹಿಂದೆ ಇರುತ್ತಾನೆ, ಆ ಡಿಫೆಂಡರ್‌ಗೆ ಕಾಣದ ಕಡೆ. ಎರಡು ಹೆಜ್ಜೆ ದೂರದ ಕಂಬದ ಕಡೆ ಹೋದಂತೆ ಮಾಡುತ್ತಾನೆ. ಡಿಫೆಂಡರ್ ಒಮ್ಮೆ ತಲೆ ತಿರುಗಿಸಿದ ಅನ್ನುವಷ್ಟರಲ್ಲಿ ಹತ್ತಿರದ ಕಂಬದ ಕಡೆ ಅವನ ಮುಂದೆಯೇ ನುಗ್ಗಿರುತ್ತಾನೆ. ಎಲ್ಲರಿಗಿಂತ ಚೂರು ಮೊದಲೇ ಹಾರುತ್ತಾನೆ. ಉಳಿದವರು ಮೇಲೇಳುವಾಗ ಅವನು ಆಗಲೇ ಮೇಲಿದ್ದು ಕಾಯುತ್ತಿರುತ್ತಾನೆ. ಚೆಂಡಿಗೆ ಬಲ ಕೊಡುವುದು ಕುತ್ತಿಗೆ ಮತ್ತು ಬೆನ್ನು. ಇದರಲ್ಲಿ ಕಾಲಿನ ಕೆಲಸ ಎಷ್ಟಿದೆಯೋ ತಲೆಯೊಳಗಿನ ಕೆಲಸವೂ ಅಷ್ಟೇ ಇದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಯುರೋಪಿನ ಕ್ಲಬ್‌ಗಳ ಎರಡನೇ ದೊಡ್ಡ ಟೂರ್ನಿಯಾದ ಯುರೋಪಾ ಲೀಗ್, 2010-11ರಲ್ಲಿ ಅವನ ಸೊತ್ತು. ಆಂಡ್ರೆ ವಿಯಾಸ್ ಬೋವಾಸ್ ಕೋಚ್ ಆಗಿದ್ದ ಪೋರ್ಟೊ ಆ ವರ್ಷ ಪೋರ್ಚುಗಲ್ ಲೀಗ್ ಅನ್ನು ಒಂದೂ ಪಂದ್ಯ ಸೋಲದೆ ಗೆದ್ದಿತ್ತು. ಯುರೋಪಾ ಸೆಮಿಫೈನಲ್‌ನ ಮೊದಲ ಪಂದ್ಯದಲ್ಲಿ ವಿಯಾರಿಯಲ್ ವಿರುದ್ಧ ಅರ್ಧ ಹೊತ್ತಿಗೆ 0-1ರಿಂದ ಹಿಂದೆ ಬಿದ್ದಿದ್ದವರು 5-1ರಿಂದ ಗೆದ್ದರು. ನಾಲ್ಕು ಗೋಲು ಫಾಲ್ಕಾವೊನದ್ದು, ನಾಲ್ಕೂ ಎರಡನೇ ಅರ್ಧದಲ್ಲಿ. ಡಬ್ಲಿನ್‌ನ ಫೈನಲ್‌ನಲ್ಲಿ ಬ್ರಾಗಾ ವಿರುದ್ಧ ಇದ್ದದ್ದು ಒಂದೇ ಗೋಲು. 44ನೇ ನಿಮಿಷದಲ್ಲಿ ಬಲಗಡೆಯಿಂದ ಇನ್ನೊಬ್ಬ ಕೊಲಂಬಿಯನ್ ಫ್ರೆಡಿ ಗ್ವಾರಿನ್ ಕೊಟ್ಟ ಕ್ರಾಸ್, ಫಾಲ್ಕಾವೊ ಹೆಡರ್. ಆ ಟೂರ್ನಿಯಲ್ಲಿ ಅವನ ಲೆಕ್ಕ 17 ಗೋಲು. ಯರ್ಗನ್ ಕ್ಲಿನ್ಸ್‌ಮನ್ ಬಾಯರ್ನ್‌ನಲ್ಲಿದ್ದಾಗ ಮಾಡಿದ್ದ 15ರ ದಾಖಲೆ ಮುರಿಯಿತು. ಮರುವರ್ಷ ಅಟ್ಲೆಟಿಕೊ ಅಂಗಿಯಲ್ಲಿ ಅದೇ ಟೂರ್ನಿಯಲ್ಲಿ ಮತ್ತೆ 12 ಗೋಲು. ಬುಕಾರೆಸ್ಟ್ ಫೈನಲ್‌ನಲ್ಲಿ ಅಥ್ಲೆಟಿಕ್ ಬಿಲ್ಬಾವೊ ವಿರುದ್ಧ ಎರಡು. ಆ ಎರಡೂ ಎಡಗಾಲಿನದ್ದು, ಹೆಡರ್ ಒಂದೂ ಇಲ್ಲ. ತಲೆಯನ್ನೇ ಕಾಯುತ್ತಾ ಕೂತರೆ ಕಾಲಿನಲ್ಲಿ ಹೊಡೆಯುತ್ತಿದ್ದ.

2012ರ ಡಿಸೆಂಬರ್ 9ರ ಬಗ್ಗೆ ಒಂದು ಮಾತು. ಅಂದು ಅಟ್ಲೆಟಿಕೊದ ಕಾಲ್ಡೆರೋನ್ ಕ್ರೀಡಾಂಗಣದಲ್ಲಿ ಡೆಪೋರ್ಟಿವೊ ಲಾ ಕೊರುನ್ಯಾ ವಿರುದ್ಧ ಫಾಲ್ಕಾವೊ ಒಬ್ಬನೇ ಐದು ಗೋಲು ಹೊಡೆದ. ಅದೇ ದಿನ ಮೆಸ್ಸಿ ಬೆಟಿಸ್ ವಿರುದ್ಧ ಎರಡು ಗೋಲು ಹೊಡೆದು, ಒಂದೇ ವರ್ಷದಲ್ಲಿ ಗರ್ಡ್ ಮುಲ್ಲರ್ ಮಾಡಿದ್ದ 85 ಗೋಲುಗಳ ದಾಖಲೆ ಮುರಿದರು. ಸುದ್ದಿಯೆಲ್ಲ ಮೆಸ್ಸಿಯದ್ದೇ ಆಯಿತು, ಆಗಲೇಬೇಕಿತ್ತು ಕೂಡ. ಆದರೆ ಫಾಲ್ಕಾವೊ ಎಂಥ ಕಾಲದಲ್ಲಿ ಆಡಿದ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಸ್ಪೇನ್‌ನಲ್ಲಿ ಆಡಿದ ಎರಡೂ ವರ್ಷ, 24 ಮತ್ತು 28 ಗೋಲು ಹೊಡೆದು, ಅವನು ಲೀಗ್‌ನಲ್ಲಿ ಮೂರನೆಯವನು. ಮೇಲಿದ್ದ ಇಬ್ಬರು ಮೆಸ್ಸಿ, ರೊನಾಲ್ಡೊ ಅಂತ ಹೇಳಬೇಕಾಗಿಲ್ಲ.

ಸೂಪರ್ ಕಪ್ ರಾತ್ರಿ

ಅದೇ 2012ರ ಆಗಸ್ಟ್ 31ರಂದು ಯುರೋಪಿಯನ್ ಸೂಪರ್ ಕಪ್ ಇತ್ತು, ಚಾಂಪಿಯನ್ಸ್ ಲೀಗ್ ಗೆದ್ದವರಿಗೂ ಯುರೋಪಾ ಲೀಗ್ ಗೆದ್ದವರಿಗೂ ನಡೆಯುವ ಪಂದ್ಯ. ಮೊನಾಕೊದ ಲೂಯಿ ದ್ಯು ಕ್ರೀಡಾಂಗಣ, ಚೆಲ್ಸಿ ಮತ್ತು ಅಟ್ಲೆಟಿಕೊ. ನಮ್ಮಲ್ಲಿ ಮಧ್ಯರಾತ್ರಿ ದಾಟಿ ಕಾಲು ಗಂಟೆಗೆ ಶುರು. ಆಗ ನಾನೂ ಅಣ್ಣನೂ ಬೆಂಗಳೂರಿನಲ್ಲಿ ಒಂದು ಬಾಡಿಗೆ ಮನೆಯಲ್ಲಿದ್ದೆವು. ಅಣ್ಣ ಚೆಲ್ಸಿಯ ಹುಚ್ಚು ಅಭಿಮಾನಿ. ಮೂರು ತಿಂಗಳ ಹಿಂದಷ್ಟೇ ಮ್ಯೂನಿಕ್‌ನಲ್ಲಿ ಬಾಯರ್ನ್ ಅನ್ನು ಅವರದೇ ಅಂಗಳದಲ್ಲಿ ಸೋಲಿಸಿ ಚಾಂಪಿಯನ್ಸ್ ಲೀಗ್ ಗೆದ್ದಿದ್ದರಲ್ಲ, ಆ ಖುಷಿ ಇನ್ನೂ ಇಳಿದಿರಲಿಲ್ಲ. ನೀಲಿ ಜೆರ್ಸಿ ಹಾಕಿಕೊಂಡು, ಅವಲಕ್ಕಿ ಚಿತ್ರಾನ್ನದ ತಟ್ಟೆ ಹಿಡಿದು ಟೀವಿ ಮುಂದೆ ಕೂತಿದ್ದ. ಕೆಳಗಿನ ಮನೆಯವರಿಗೆ ತೊಂದರೆಯಾಗಬಾರದು ಅಂತ ಸೌಂಡ್ ಪೂರ್ತಿ ಇಳಿಸಿದ್ದೆವು.

ಆರನೇ ನಿಮಿಷ. ಡಿಫೆಂಡರ್‌ಗಳ ನಡುವಿನಿಂದ ಬಂದ ಚೆಂಡನ್ನು ಫಾಲ್ಕಾವೊ ಚೆಲ್ಸಿ ಗೋಲ್‌ಕೀಪರ್ ಪೀಟರ್ ಚೆಕ್ ತಲೆಯ ಮೇಲಿಂದ ಮೆಲ್ಲಗೆ ಎತ್ತಿ ಹಾಕಿದ. "ಹೋಗ್ಲಿ ಬಿಡು, ಇನ್ನೂ ಟೈಮಿದೆ" ಅಂದ ಅಣ್ಣ. 19ನೇ ನಿಮಿಷಕ್ಕೆ ಪೆನಾಲ್ಟಿ ಏರಿಯಾದ ಅಂಚಿನಿಂದ ಎಡಗಾಲಿನಲ್ಲಿ ತಿರುಗಿಸಿ ಹೊಡೆದ ಚೆಂಡು ದೂರದ ಮೂಲೆಗೆ ಹೋಯಿತು. ಅಣ್ಣ ತಟ್ಟೆ ಕೆಳಗಿಟ್ಟ. ಮೊದಲರ್ಧ ಮುಗಿಯುವ ಹೊತ್ತಿಗೆ ಮೂರನೆಯದು. ಯುರೋಪಿನ ಚಾಂಪಿಯನ್ ತಂಡದ ವಿರುದ್ಧ 45 ನಿಮಿಷದಲ್ಲಿ ಹ್ಯಾಟ್ರಿಕ್. ನಾನು ಅಣ್ಣನ ಮುಖ ನೋಡಲು ಹೆದರಿ ಟೀವಿಯನ್ನೇ ನೋಡುತ್ತಾ ಕೂತೆ. ಸ್ವಲ್ಪ ಹೊತ್ತಾದ ಮೇಲೆ ಅಣ್ಣನೇ ಹೇಳಿದ: "ಇವನನ್ನ ನಾವು ತಗೋಬೇಕು ಕಣೋ. ಎಷ್ಟಾದ್ರೂ ಸರಿ." ಪಂದ್ಯ 4-1ಕ್ಕೆ ಮುಗಿಯಿತು.

ಮೂರು ಗೋಲು, ಮೂರೂ ಬೇರೆ ಬೇರೆ ಬಗೆ. ಆ ರಾತ್ರಿ ನನಗೆ ಹಿಡಿಸಿದ್ದು ಬರೀ ಗೋಲುಗಳಲ್ಲ. ಚೆಂಡು ಕಾಲಿಗೆ ಬರುವ ಮೊದಲೇ ಏನು ಮಾಡಬೇಕು ಅಂತ ಅವನು ತೀರ್ಮಾನ ಮಾಡಿಬಿಟ್ಟಿರುತ್ತಿದ್ದ. ಗಡಿಬಿಡಿ ಅನ್ನುವುದೇ ಇರಲಿಲ್ಲ. ಮುಂದಿನ ಬೇಸಿಗೆಗೆ ಅವನು ಹೋದದ್ದು ಅದೇ ಲೂಯಿ ದ್ಯು ಮೈದಾನಕ್ಕೆ. ಆಗಷ್ಟೇ ಎರಡನೇ ಡಿವಿಷನ್‌ನಿಂದ ಮೇಲೆ ಬಂದಿದ್ದ ಮೊನಾಕೊ, ಸುಮಾರು 6 ಕೋಟಿ ಯೂರೊ ಕೊಟ್ಟು ಅವನನ್ನು ಕೊಂಡಿತು ಅಂತ ವರದಿಯಾಗಿತ್ತು. ಅವನನ್ನು ಕಳಿಸಿದ ಮರುವರ್ಷವೇ ಅಟ್ಲೆಟಿಕೊ ಲಾ ಲೀಗಾ ಗೆದ್ದಿತು, ಚಾಂಪಿಯನ್ಸ್ ಲೀಗ್ ಫೈನಲ್ ತಲುಪಿತು. ಅವನು ಉಳಿದುಕೊಂಡಿದ್ದರೆ ಅಂತ ಅಲ್ಲೂ ಒಂದು 'ರೆ' ಸೇರಿಸುವವರಿದ್ದಾರೆ. ಆದರೆ ಅವನು ಕೊನೆಯದಾಗಿ ಗೆಲ್ಲಿಸಿಕೊಟ್ಟ ಕಪ್ ಯಾವುದು ಗೊತ್ತಲ್ಲ. 2013ರ ಮೇ 17, ರಿಯಲ್ ಮ್ಯಾಡ್ರಿಡ್‌ನ ಬೆರ್ನಬೇವು ಮೈದಾನ, ಸ್ಪೇನ್‌ನ ಕೋಪಾ ಡೆಲ್ ರೇ ಕಪ್ ಫೈನಲ್. 14 ವರ್ಷ ರಿಯಲ್ ಮ್ಯಾಡ್ರಿಡ್ ಅನ್ನು ಸೋಲಿಸಲಾಗದ ತಂಡ ಅಂದು 2-1ರಿಂದ ಗೆದ್ದಿತು. ಡಿಯೆಗೊ ಕೋಸ್ಟಾ ಹೊಡೆದ ಗೋಲಿಗೆ ಪಾಸ್ ಕೊಟ್ಟವನು ಫಾಲ್ಕಾವೊ. ಕೊಡುವುದನ್ನೆಲ್ಲ ಕೊಟ್ಟೇ ಹೋದ.

ಜನವರಿ 22

2014ರ ಜನವರಿ 22ರಂದು ನಡೆದದ್ದು ನಿಮಗೆ ಗೊತ್ತೇ ಇದೆ. ಫ್ರೆಂಚ್ ಕಪ್, ಎದುರಿಗೆ ಮಾಂ ದೋರ್ ಅಜೆರ್ಗ್ ಅನ್ನುವ ನಾಲ್ಕನೇ ಹಂತದ ಪುಟ್ಟ ತಂಡ, ಲಿಯೋನ್‌ನ ಜೆರ್ಲಾಂ ಮೈದಾನ. ಹಿಂದಿನಿಂದ ಬಂದ ಒಂದು ಟ್ಯಾಕಲ್, ಎಡ ಮೊಣಕಾಲಿನ ಲಿಗಮೆಂಟ್ ಹರಿಯಿತು. ಮೊನಾಕೊ 3-0ಯಿಂದ ಗೆದ್ದಿತು, ಫಾಲ್ಕಾವೊ ಸ್ಟ್ರೆಚರ್ ಮೇಲೆ ಹೋದ. ಟ್ಯಾಕಲ್ ಮಾಡಿದ ಆಟಗಾರ ಫುಟ್‌ಬಾಲನ್ನೇ ನಂಬಿ ಬದುಕುತ್ತಿದ್ದವನಲ್ಲ, ಹಗಲು ಬೇರೆ ಕೆಲಸ ಮಾಡುತ್ತಿದ್ದ. ಅವನಿಗೆ ಬಂದ ಬೆದರಿಕೆ, ಬೈಗುಳ ನೆನೆದರೆ ಈಗಲೂ ಬೇಸರವಾಗುತ್ತದೆ. ಫಾಲ್ಕಾವೊ ಮೇಲಿನ ಪ್ರೀತಿಯನ್ನು ಹಾಗೆ ತೋರಿಸಬೇಕಾಗಿರಲಿಲ್ಲ.

ವಿಶ್ವಕಪ್ ಜೂನ್ 12ಕ್ಕೆ ಶುರು. ಐದು ತಿಂಗಳೂ ಇರಲಿಲ್ಲ. ಮೊಣಕಾಲಿನೊಳಗಿನ ಆ ಲಿಗಮೆಂಟ್ ಕೆಳಗಿನ ಎಲುಬು ಮುಂದಕ್ಕೆ ಜಾರದಂತೆ, ಕಾಲು ಅತಿಯಾಗಿ ತಿರುಚದಂತೆ ಹಿಡಿದಿಡುತ್ತದೆ. ಹರಿದರೆ ಹೊಲಿದು ಸರಿಮಾಡುವುದು ಕಷ್ಟ. ಸಾಮಾನ್ಯವಾಗಿ ಅದೇ ಕಾಲಿನ ಬೇರೆ ಕಡೆಯ ಸ್ನಾಯುರಜ್ಜು ತೆಗೆದು ಹೊಸದಾಗಿ ಕಟ್ಟುತ್ತಾರೆ. ಅದು ಎಲುಬಿನೊಳಗೆ ಕೂತು ಗಟ್ಟಿಯಾಗಬೇಕು, ತೊಡೆಯ ಶಕ್ತಿ ಮರಳಬೇಕು. ಆಟಕ್ಕೆ ಇಳಿಯಲು ಆರರಿಂದ ಒಂಬತ್ತು ತಿಂಗಳು, ಕೆಲವರಿಗೆ ಇನ್ನೂ ಹೆಚ್ಚು. ನಮ್ಮ ಚಿಕ್ಕಪ್ಪನ ಮಗ ಕಬಡ್ಡಿ ಆಡುವಾಗ ಇದೇ ಲಿಗಮೆಂಟ್ ಹರಿದುಕೊಂಡಿದ್ದ. ಆಪರೇಷನ್ ಆಗಿ, ಫಿಸಿಯೊಥೆರಪಿ ಮುಗಿದು, ಡಾಕ್ಟರು ಆಡು ಅಂದ ಮೇಲೂ ಅಂಕಣದ ಗೆರೆ ದಾಟಿ ರೇಡ್‌ಗೆ ಹೋಗಲು ಒದ್ದಾಡುತ್ತಿದ್ದ. "ಕಾಲೇನೋ ಸರಿಯಾಗಿದೆ ಅಣ್ಣ, ಆದ್ರೆ ಒತ್ತಿ ತಿರುಗೋಕೆ ಧೈರ್ಯ ಬರ್ತಿಲ್ಲ" ಅಂತಿದ್ದ. ಮ್ಯಾಂಚೆಸ್ಟರ್‌ನಲ್ಲಿ ಫಾಲ್ಕಾವೊ ಆಡುವುದನ್ನು ನೋಡುವಾಗ ನನಗೆ ಪದೇ ಪದೇ ಇವನ ಮಾತೇ ನೆನಪಾಗುತ್ತಿತ್ತು.

ಜೂನ್ 2ರಂದು ಕೋಚ್ ಹೊಸೆ ಪೆಕರ್ಮನ್ ಅಂತಿಮ ಪಟ್ಟಿ ಕೊಟ್ಟರು, ಫಾಲ್ಕಾವೊ ಹೆಸರಿರಲಿಲ್ಲ. ಕೊಲಂಬಿಯಾ 1998ರ ನಂತರ ಮೊದಲ ಸಲ ವಿಶ್ವಕಪ್‌ಗೆ ಹೋಗುತ್ತಿತ್ತು. ಹೋಗುವಂತೆ ಮಾಡಿದ್ದು ಅರ್ಹತಾ ಪಂದ್ಯಗಳಲ್ಲಿ ಅವನು ಹೊಡೆದ 9 ಗೋಲು. 2013ರ ಅಕ್ಟೋಬರ್‌ನಲ್ಲಿ ಬರಾಂಕಿಯಾದಲ್ಲಿ ಚಿಲಿ ವಿರುದ್ಧದ ಪಂದ್ಯ ಯಾರಾದರೂ ಮರೆಯಲು ಸಾಧ್ಯವೇ? ಅರ್ಧ ಹೊತ್ತಿಗೆ 0-3. ತೆಯೊಫಿಲೊ ಗುಟಿಯೆರೆಸ್ ಒಂದು ಹೊಡೆದ. ಆಮೇಲೆ ಎರಡು ಪೆನಾಲ್ಟಿ, ಎರಡನ್ನೂ ಫಾಲ್ಕಾವೊ ತೆಗೆದುಕೊಂಡ, ಎರಡೂ ಒಳಗೆ. 3-3, ಬ್ರೆಜಿಲ್‌ಗೆ ಟಿಕೆಟ್. ಎರಡು ವರ್ಷ ಹಿಂದೆ ಕೋಪಾ ಅಮೆರಿಕದ ಕ್ವಾರ್ಟರ್‌ಫೈನಲ್‌ನಲ್ಲಿ ಪೆರು ವಿರುದ್ಧ ಪೆನಾಲ್ಟಿ ಹೊರಗೆ ಹೊಡೆದು ತಂಡ ಸೋತಿತ್ತು. ಆ ನೆನಪು ಹೊತ್ತುಕೊಂಡೇ ಅವನು ಆ ಎರಡು ಪೆನಾಲ್ಟಿಗೆ ಬಂದು ನಿಂತದ್ದು. ಬ್ರೆಜಿಲ್‌ನಲ್ಲಿ ಅವನಿಲ್ಲದ ತಂಡ ಐದು ಪಂದ್ಯದಲ್ಲಿ 12 ಗೋಲು ಹೊಡೆಯಿತು. ಹಾಮೆಸ್ ರೊಡ್ರಿಗೆಸ್ ಆರು ಗೋಲಿನೊಂದಿಗೆ, ಅತಿಹೆಚ್ಚು ಗೋಲು ಹೊಡೆದವನಿಗೆ ಕೊಡುವ ಚಿನ್ನದ ಬೂಟು ಪಡೆದ. ಲೋಕ ಆ ತಂಡವನ್ನು ಹಾಮೆಸ್ ಹೆಸರಿನಲ್ಲಿ ನೆನಪಿಟ್ಟುಕೊಂಡಿದೆ.

ಇಂಗ್ಲೆಂಡ್‌ನ ಎರಡು ವರ್ಷದ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಯಾಕೆಂದರೆ ಎಲ್ಲರೂ ಬರೆಯುವುದು ಅದನ್ನೇ. ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲಿ 26 ಲೀಗ್ ಪಂದ್ಯ, 4 ಗೋಲು. 29 ವಯಸ್ಸಿನವನನ್ನು ಒಮ್ಮೆ 21ರೊಳಗಿನವರ ತಂಡದಲ್ಲಿ ಆಡಿಸಿದರು. ಮರುವರ್ಷ ಚೆಲ್ಸಿಗೆ ಬಂದ. ಅಣ್ಣನ ಆಸೆ ಈಡೇರಿತು, ಆದರೆ ಮೂರು ವರ್ಷ ತಡವಾಗಿ. ಅಲ್ಲಿ ಲೀಗ್‌ನಲ್ಲಿ ಒಂದೇ ಗೋಲು. ಇಷ್ಟನ್ನು ಎಲ್ಲರೂ ಹೇಳುತ್ತಾರೆ. 2015ರ ಜೂನ್‌ನಲ್ಲಿ, ಮ್ಯಾಂಚೆಸ್ಟರ್‌ನ ಆ ಕೆಟ್ಟ ವರ್ಷ ಮುಗಿದ ಕೂಡಲೇ, ಕೋಸ್ಟರಿಕಾ ವಿರುದ್ಧ ಗೋಲು ಹೊಡೆದು ಅರ್ನೋಲ್ಡೊ ಇಗ್ವಾರಾನ್‌ನನ್ನು ಹಿಂದೆ ಹಾಕಿ ಕೊಲಂಬಿಯಾದ ಸಾರ್ವಕಾಲಿಕ ಅತಿಹೆಚ್ಚು ಗೋಲಿನ ಆಟಗಾರನಾದ. ಇದನ್ನು ಯಾರೂ ಹೇಳುವುದಿಲ್ಲ. 'ಮುಗಿದುಹೋದವನು' ಅಂತ ಇಂಗ್ಲಿಷ್ ಪತ್ರಿಕೆಗಳು ಬರೆಯುತ್ತಿದ್ದ ದಿನಗಳಲ್ಲೇ ಆ ದಾಖಲೆ ಬಂತು.

ಇನ್ನೊಂದು ಬಗೆಯ ಆಟ

2016ರಲ್ಲಿ ಮೊನಾಕೊಗೆ ಮರಳಿದ. 30 ವಯಸ್ಸು, ಎರಡೂ ಮೊಣಕಾಲು ಒಮ್ಮೊಮ್ಮೆ ಹೋಗಿ ಬಂದಿವೆ. ಕೋಚ್ ಲಿಯೊನಾರ್ಡೊ ಜಾರ್ಡಿಮ್ ಅವನ ತೋಳಿಗೆ ಕ್ಯಾಪ್ಟನ್ ಪಟ್ಟಿ ಕಟ್ಟಿದರು. ಸುತ್ತ ಇದ್ದವರು ಬಿಸಿರಕ್ತದ ಹುಡುಗರು: ಬೆರ್ನಾರ್ಡೊ ಸಿಲ್ವಾ, ಫಾಬಿನ್ಯೊ, ಲೆಮಾರ್, ಆಮೇಲೆ 18ರ ಕಿಲಿಯನ್ ಎಂಬಾಪೆ. ಆ ವರ್ಷ ಮೊನಾಕೊ ಲೀಗ್‌ನಲ್ಲಿ 107 ಗೋಲು ಹೊಡೆದು, ಹಣದ ಹೊಳೆ ಹರಿಸುತ್ತಿದ್ದ ಪ್ಯಾರಿಸ್ ತಂಡವನ್ನು ಹಿಂದೆ ಹಾಕಿ, 2000ದ ನಂತರ ಮೊದಲ ಸಲ ಚಾಂಪಿಯನ್ ಆಯಿತು. ಫಾಲ್ಕಾವೊ ಲೀಗ್‌ನಲ್ಲಿ 21, ಒಟ್ಟು 30 ಗೋಲು.

ಆ ವರ್ಷದ ಫಾಲ್ಕಾವೊನನ್ನು ಗಮನವಿಟ್ಟು ನೋಡಿದರೆ ಹಾರಾಟ ಕಡಿಮೆಯಾಗಿರುವುದು ಕಾಣುತ್ತದೆ. ಉದ್ದ ಓಟಗಳೂ ಕಡಿಮೆ. ಅವನ್ನು ಎಂಬಾಪೆಗೆ ಬಿಟ್ಟುಕೊಟ್ಟಿದ್ದ. ತಾನು ಡಿಫೆಂಡರ್‌ಗಳನ್ನು ಒಂದು ಕಡೆಗೆ ಎಳೆದುಕೊಂಡು ಹೋಗಿ ಹುಡುಗನಿಗೆ ಜಾಗ ಮಾಡಿಕೊಡುತ್ತಿದ್ದ. ಬೆನ್ನು ಕೊಟ್ಟು ಚೆಂಡು ಹಿಡಿದು ಹಿಂದಕ್ಕೆ ಕೊಡುತ್ತಿದ್ದ. ಮೊದಲೇ ಹೇಳಿದೆನಲ್ಲ, ಹೆಡರ್‌ನಲ್ಲಿ ಅರ್ಧ ಕೆಲಸ ತಲೆಯೊಳಗಿನದ್ದು ಅಂತ. ಆ ಅರ್ಧ ಪೂರ್ತಿ ಉಳಿದಿತ್ತು. ಬೆನ್ನ ಹಿಂದೆ ಅಡಗುವುದು, ಸುಳ್ಳು ಹೆಜ್ಜೆ ಇಡುವುದು, ಎಲ್ಲರಿಗಿಂತ ಮೊದಲು ಹೊರಡುವುದು, ಯಾವುದಕ್ಕೂ ಹೊಸ ಲಿಗಮೆಂಟ್ ಬೇಕಿರಲಿಲ್ಲ.

2017ರ ಫೆಬ್ರುವರಿ 21, ಚಾಂಪಿಯನ್ಸ್ ಲೀಗ್, ಮ್ಯಾಂಚೆಸ್ಟರ್ ಸಿಟಿ ಅಂಗಳ. ಅವನನ್ನು ಸೋತವನೆಂದು ಕಳಿಸಿದ್ದ ಅದೇ ಊರು. ಮೊದಲು ನೆಲಕ್ಕೆ ಬಿದ್ದು ಒಂದು ಹೆಡರ್, 1-1. ಎರಡನೇ ಅರ್ಧದ ಶುರುವಿಗೆ ಪೆನಾಲ್ಟಿ ಸಿಕ್ಕಿತು. ಫಾಲ್ಕಾವೊ ಹೊಡೆದದ್ದನ್ನು ಗೋಲ್‌ಕೀಪರ್ ಕಬಯೆರೊ ಹಿಡಿದ. ಅಲ್ಲಿಗೆ ಯಾರಾದರೂ ಕುಗ್ಗುತ್ತಿದ್ದರು. ಆ ಹೊತ್ತಿಗೆ ಮೊನಾಕೊ 2-1ರಿಂದ ಮುಂದಿತ್ತು, ಸಿಟಿ 2-2 ಮಾಡಿತು. ಸ್ವಲ್ಪ ಹೊತ್ತಿನಲ್ಲೇ ಚೆಂಡು ಅವನ ಕಡೆ ಬಂತು. ಜಾನ್ ಸ್ಟೋನ್ಸ್ ಮೈಮೇಲೆ ಬೀಳುತ್ತಿದ್ದ. ಅವನನ್ನು ಭುಜದಲ್ಲಿ ತಡೆದು ನಿಂತು, ಪೆನಾಲ್ಟಿ ಹಿಡಿದಿದ್ದ ಅದೇ ಕಬಯೆರೊನ ತಲೆ ಮೇಲಿಂದ ಚೆಂಡನ್ನು ಎತ್ತಿ ಒಳಗೆ ಹಾಕಿದ. ಸೂಪರ್ ಕಪ್‌ನಲ್ಲಿ ಚೆಕ್ ಮೇಲಿಂದ ಹಾಕಿದ್ದ ಗೋಲಿಗಿಂತ ಇದು ದೊಡ್ಡದು ಅಂತ ನಾನು ನಂಬುತ್ತೇನೆ. ಅಂದು ಅವನನ್ನು ತಡೆಯುವವರೇ ಇರಲಿಲ್ಲ. ಇಲ್ಲಿ ತಡೆಯುವುದಕ್ಕೆ ಎಲ್ಲವೂ ಇತ್ತು: ಮೂರು ವರ್ಷದ ಅವಮಾನ, ಹತ್ತು ನಿಮಿಷ ಹಿಂದೆ ತಪ್ಪಿದ ಪೆನಾಲ್ಟಿ, ಮೈಮೇಲೆ ಬಿದ್ದ ಡಿಫೆಂಡರ್. ಮೊನಾಕೊ ಆ ಪಂದ್ಯವನ್ನು 5-3ರಿಂದ ಸೋತಿತು. ಊರಿನಲ್ಲಿ 3-1ರಿಂದ ಗೆದ್ದು, ಒಟ್ಟು 6-6 ಆಗಿ, ಎದುರಾಳಿ ಅಂಗಳದಲ್ಲಿ ಹೊಡೆದ ಹೊರಗಿನ ಗೋಲುಗಳ ಲೆಕ್ಕದಲ್ಲಿ ಮುಂದಕ್ಕೆ ಹೋಯಿತು. ಹೊರಗಿನ ಆ ಮೂರು ಗೋಲುಗಳಲ್ಲಿ ಎರಡು ಅವನದ್ದು.

ಕಜಾನ್

2018ರ ಜೂನ್ 24, ಭಾನುವಾರ. ರಷ್ಯಾದ ಕಜಾನ್‌ನಲ್ಲಿ ಪೋಲೆಂಡ್ ವಿರುದ್ಧ ಕೊಲಂಬಿಯಾ. ನಮಗೆ ರಾತ್ರಿ ಹನ್ನೊಂದೂವರೆ. ಮೊದಲ ಪಂದ್ಯ ಜಪಾನ್‌ಗೆ ಸೋತಿದ್ದ ಕೊಲಂಬಿಯಾ ಇದನ್ನೂ ಸೋತರೆ ಮನೆಗೆ. ಅಣ್ಣನಿಗೆ ಆ ಹೊತ್ತಿಗೆ ಮದುವೆಯಾಗಿ ಮಗುವೂ ಆಗಿತ್ತು. ನಾನು ಅವನ ಮನೆಗೆ ಊಟಕ್ಕೆ ಹೋದವನು ಪಂದ್ಯಕ್ಕೆ ಅಲ್ಲೇ ಉಳಿದೆ. ಅತ್ತಿಗೆ ಮಗುವನ್ನು ಮಲಗಿಸಿ ಬಂದು, "ನಾಳೆ ಸೋಮವಾರ, ಇಬ್ರಿಗೂ ನೆನಪಿದೆ ತಾನೇ?" ಅಂದರು. ಆಮೇಲೆ ಅವರೂ ಕೂತರು. ಯಾರಪ್ಪ ಈ ಉದ್ದ ಕೂದಲಿನವನು, ಇಷ್ಟು ಗಂಭೀರವಾಗಿದ್ದಾನೆ ಅಂತ ಕೇಳಿದರು. ಅಣ್ಣ ಫಾಲ್ಕಾವೊ ಕಥೆ ಹೇಳತೊಡಗಿದ. ಸಾಂತಾ ಮಾರ್ತಾದಿಂದ ಶುರುಮಾಡಿ ಜೆರ್ಲಾಂ ಮೈದಾನದ ಸ್ಟ್ರೆಚರ್‌ವರೆಗೆ. ನಾಲ್ಕು ವರ್ಷ ಕಾದು, 32ನೇ ವಯಸ್ಸಿಗೆ ಮೊದಲ ವಿಶ್ವಕಪ್ ಆಡುತ್ತಿದ್ದಾನೆ, ಕ್ಯಾಪ್ಟನ್ ಕೂಡ, ಇನ್ನೂ ವಿಶ್ವಕಪ್‌ನಲ್ಲಿ ಒಂದು ಗೋಲೂ ಹೊಡೆದಿಲ್ಲ ಅಂತ ಹೇಳಿದ.

70ನೇ ನಿಮಿಷ, ಕೊಲಂಬಿಯಾ 1-0ಯಿಂದ ಮುಂದಿತ್ತು. ಜೊತೆಗಾರ ಕ್ವಿಂಟೆರೊ ಪೋಲೆಂಡ್ ಡಿಫೆಂಡರ್‌ಗಳ ನಡುವಿನಿಂದ ಚೆಂಡು ದಾಟಿಸಿದ. ಫಾಲ್ಕಾವೊ ಆಗಲೇ ಓಡುತ್ತಿದ್ದ, ಎಂದಿನಂತೆ ಎಲ್ಲರಿಗಿಂತ ಮೊದಲು. ಚೆಂಡನ್ನು ನಿಲ್ಲಿಸಲಿಲ್ಲ. ಬಲಗಾಲಿನ ಹೊರಬದಿಯಿಂದ ಹಾಗೇ ಗೋಲ್‌ಕೀಪರ್ ಶ್ಚೆಸ್ನಿಯನ್ನು ದಾಟಿಸಿ ಒಳಗೆ ಕಳಿಸಿದ. ಅಣ್ಣ ಕಿರುಚಿದ ಸದ್ದಿಗೆ ಒಳಗೆ ಮಗು ಎದ್ದು ಅತ್ತಿತು. ಅತ್ತಿಗೆ ಬೈಯಲಿಲ್ಲ. ಟೀವಿಯಲ್ಲಿ ಫಾಲ್ಕಾವೊ ಮುಖ ನೋಡುತ್ತಾ, "ಅಳ್ತಿದಾನಾ ಅವನು?" ಅಂತ ಕೇಳಿ ಆಮೇಲೆ ಒಳಗೆ ಹೋದರು.

ಆ ತಂಡ ಮುಂದೆ ಇಂಗ್ಲೆಂಡ್ ವಿರುದ್ಧ ಮಾಸ್ಕೊದಲ್ಲಿ ಪೆನಾಲ್ಟಿಗಳಲ್ಲಿ ಸೋತಿತು. ಕೊಲಂಬಿಯಾದ ಮೊದಲ ಪೆನಾಲ್ಟಿ ಹೊಡೆಯಲು ಬಂದವನು ಫಾಲ್ಕಾವೊ, ಅದು ಒಳಗೆ ಹೋಯಿತು. ಆ ಹೊಡೆತಕ್ಕೆ ಸಿಗಬೇಕಾದ ಗೌರವ ಸಿಕ್ಕಿಲ್ಲ ಅಂತ ನನ್ನ ಭಾವನೆ. ಸೋತ ಶೂಟೌಟ್‌ನಲ್ಲಿ ಹೊಡೆದವರನ್ನು ಯಾರು ನೆನಪಿಡುತ್ತಾರೆ?

ಮೂರನೇ ನಂಬರ್ ಅಂಗಿ

2019ರ ಜನವರಿಯಲ್ಲಿ ಅಪ್ಪ ತೀರಿಕೊಂಡರು, ಸಾಂತಾ ಮಾರ್ತಾದಲ್ಲೇ. ಆ ವರ್ಷವೇ ಫಾಲ್ಕಾವೊ ಟರ್ಕಿಯ ಗಲಾಟಸರಾಯ್‌ಗೆ ಹೋದ. ಇಸ್ತಾಂಬುಲ್ ವಿಮಾನ ನಿಲ್ದಾಣದಲ್ಲಿ ಸಾವಿರಾರು ಜನ ಸೇರಿದ್ದರು. ಅಲ್ಲಿಯೂ ಗಾಯಗಳು ಬಿಡಲಿಲ್ಲ. 2021ರ ಸೆಪ್ಟೆಂಬರ್‌ನಲ್ಲಿ, 35ನೇ ವಯಸ್ಸಿಗೆ, ಮತ್ತೆ ಮ್ಯಾಡ್ರಿಡ್. ಈ ಸಲ ಅಟ್ಲೆಟಿಕೊ ಅಲ್ಲ. ವಯೆಕಾಸ್ ಅನ್ನುವ ಕೂಲಿಕಾರರ ಬಡಾವಣೆಯ ರಾಯೊ ವಯೆಕಾನೊ. ಸ್ಟ್ರೈಕರ್ ಆಗಿದ್ದೂ 3ನೇ ನಂಬರ್ ಅಂಗಿ ಕೇಳಿ ತೆಗೆದುಕೊಂಡ. ಡಿಫೆಂಡರ್ ಆಗಿದ್ದ ಅಪ್ಪ ಆಡುತ್ತಿದ್ದದ್ದು ಆ ನಂಬರ್‌ನಲ್ಲಿ.

ಮೊದಲ ಪಂದ್ಯ ಗೆಟಾಫೆ ವಿರುದ್ಧ. ಸಬ್‌ಸ್ಟಿಟ್ಯೂಟ್ ಆಗಿ ಬಂದು ಹತ್ತೇ ನಿಮಿಷದಲ್ಲಿ ಗೋಲು. ಮುಂದಿನದು ಬಿಲ್ಬಾವೊದಲ್ಲಿ. ಅಲ್ಲೂ ಹೊರಗಿನಿಂದ ಬಂದವನೇ, 96ನೇ ನಿಮಿಷಕ್ಕೆ ಗೆಲುವಿನ ಗೋಲು. ಅಕ್ಟೋಬರ್ 27ರಂದು ಬಾರ್ಸಿಲೋನಾ ವಯೆಕಾಸ್‌ಗೆ ಬಂತು. 30ನೇ ನಿಮಿಷದಲ್ಲಿ ಪೆನಾಲ್ಟಿ ಏರಿಯಾದೊಳಗೆ ಡಿಫೆಂಡರನ್ನು ದಾಟಿ ಫಾಲ್ಕಾವೊ ಹೊಡೆದ, 1-0. ಪಂದ್ಯವೂ ಅಷ್ಟಕ್ಕೇ ಮುಗಿಯಿತು. ಬಾರ್ಸಿಲೋನಾ ಅದೇ ರಾತ್ರಿ ಕೋಚ್ ರೊನಾಲ್ಡ್ ಕೂಮನ್ ಅವರನ್ನು ಕೆಲಸದಿಂದ ತೆಗೆಯಿತು. ಎರಡು ಮೊಣಕಾಲು ಕಳೆದುಕೊಂಡು ಬಂದವನು 35ನೇ ವಯಸ್ಸಿನಲ್ಲಿ ಹೊಡೆದ ಒಂದು ಗೋಲಿನ ಪರಿಣಾಮ ಅದು.

2024ರ ಜುಲೈನಲ್ಲಿ ಫಾಲ್ಕಾವೊ ಬೊಗೋಟಾದ ಮಿಯೊನಾರಿಯೊಸ್ ಸೇರಿದ. ಚಿಕ್ಕಂದಿನಿಂದ ಅವನು ಅಭಿಮಾನದಿಂದ ನೋಡುತ್ತಿದ್ದ ಕ್ಲಬ್ ಅದು. ಅರ್ಜೆಂಟೀನಾ, ಪೋರ್ಚುಗಲ್, ಸ್ಪೇನ್, ಫ್ರಾನ್ಸ್, ಇಂಗ್ಲೆಂಡ್, ಟರ್ಕಿ ಎಲ್ಲ ಸುತ್ತಿದವನು, ದೇಶಕ್ಕಾಗಿ 36 ಗೋಲು ಹೊಡೆದವನು, ತನ್ನ ದೇಶದ ಮೊದಲ ಡಿವಿಷನ್‌ನಲ್ಲಿ ಅಲ್ಲಿಯವರೆಗೆ ಒಂದು ಪಂದ್ಯವನ್ನೂ ಆಡಿರಲಿಲ್ಲ. 15ಕ್ಕೇ ಊರು ಬಿಟ್ಟಿದ್ದನಲ್ಲ. ಬೊಗೋಟಾ ಸಮುದ್ರಮಟ್ಟದಿಂದ 2,600 ಮೀಟರ್ ಎತ್ತರದಲ್ಲಿದೆ, ಅಲ್ಲಿ ಓಡುವುದು ಇಪ್ಪತ್ತರ ಹುಡುಗರಿಗೂ ಕಷ್ಟ. 38ನೇ ವಯಸ್ಸಿನಲ್ಲಿ ಅವನು ಅಲ್ಲಿ ಹೊಸಬನಾಗಿ ಎಲ್ ಕಾಂಪಿನ್ ಮೈದಾನಕ್ಕೆ ಇಳಿದ. ಇವನನ್ನು ನೋಡಿ ಪಾಪ ಅನ್ನುವುದಕ್ಕೆ ನನ್ನಿಂದ ಆಗುವುದಿಲ್ಲ. ಅಣ್ಣನಿಗೂ ಹೇಳಿದ್ದೇನೆ, ಇನ್ನೊಮ್ಮೆ ಆ 'ಹೋಗದೇ ಇದ್ದಿದ್ರೆ' ಶುರುಮಾಡಿದರೆ ಮೊದಲು ಮೊನಾಕೊ-ಸಿಟಿ ಪಂದ್ಯ ಪೂರ್ತಿ ಹಾಕಿ ಕೂರಿಸುತ್ತೇನೆ ಅಂತ.